ಜೀಪಿನ ದೀಪದಡಿ ಘಟದ ಸಸಿ

ಸಿಂದಗಿಯಿಂದ ಮೋರಟಗಿಗೆ ಹೋಗುವ ದಾರಿಯಲ್ಲಿರುವ ಗುಬ್ಬಿಹಾಳ ಪೊಲೀಸ್ ಠಾಣೆಗೆ 2008ರ ಸೆಪ್ಟೆಂಬರ್ 15, ಸೋಮವಾರ ಬೆಳಿಗ್ಗೆ 10.20ಕ್ಕೆ ಒಂದು ದೂರು ಬಂತು. ತಂದವನು ಶಾಮಿಯಾನ ಮತ್ತು ಲೈಟಿಂಗ್ ಅಂಗಡಿಯ ಅಫ್ತಾಬ. ಬಾಯಿ ಬಿಡುವ ಮೊದಲೇ ಹೆಗಲ ಮೇಲಿನ ಗೋಣಿಚೀಲವನ್ನು ಪಿಎಸ್‌ಐ ಸಂಜೀವಕುಮಾರರ ಮೇಜಿನ ಮೇಲೆ ಬುಡಮೇಲು ಮಾಡಿದ. ಗಣಪತಿ ಹಬ್ಬಕ್ಕೆ ಊರೆಲ್ಲ ಕಟ್ಟಿ ಬಿಚ್ಚಿ ತಂದಿದ್ದ ಸೀರಿಯಲ್ ಲೈಟಿನ ಸರಗಳು ಚಹಾದ ಕಪ್ಪು, ಫೈಲು, ಸಾಹೇಬರ ಟೋಪಿ ಎನ್ನದೆ ಎಲ್ಲದರ ಮೇಲೆ ಬಿದ್ದವು.

"ಏನಿದು?"

"ನೀವ ನೋಡ್ರಿ ಸಾಹೇಬ್ರ. ಕಳ್ಳ ಬಾಡ್ಯಾ ಗೋಡೌನ್ ಹೊಕ್ಕು ಎಲ್‌ಇಡಿ ಕತ್ತರಿಸ್ಕೊಂಡು ಹೋಗ್ಯಾನ. ಬರೇ ಕೆಂಪು, ಬರೇ ನೀಲಿ. ಹಳದಿ, ಹಸರು ಒಂದೂ ಮುಟ್ಟಿಲ್ಲ."

"ಎಷ್ಟು ಸರ?"

"ನಲ್ವತ್ತು. ಪೂರಾ ಸರ ಒಯ್ದಿದ್ರ ಇಷ್ಟು ಸಿಟ್ಟು ಬರ್ತಿರ್ಲಿಲ್ರಿ. ಕುಂತು, ಆರಿಸಿ ಆರಿಸಿ ಒಯ್ದಾನ. ಕಾಯಿಪಲ್ಲೆ ಸಂತಿ ಮಾಡಿದಂಗ."

ಹೆಡ್ ಕಾನ್‌ಸ್ಟೆಬಲ್ ಮೀರಾಸಾಬ ಪೆನ್ನು ಹಿಡಿದು ಕೂತಿದ್ದರು. ಇಪ್ಪತ್ತೆರಡು ವರ್ಷ ನೌಕರಿಯಲ್ಲಿ ಅವರು ದನ, ಪಂಪ್‌ಸೆಟ್, ಚಿನ್ನ, ಒಮ್ಮೆ ಒಂದಿಡೀ ಗುಡಿಯ ಬಾಗಿಲು ಕಳುವಾದದ್ದನ್ನು ಬರೆದಿದ್ದರು. ಬಣ್ಣ ನೋಡಿ ಕದ್ದದ್ದನ್ನು ಬರೆದಿರಲಿಲ್ಲ. ಭಾರತ ದಂಡ ಸಂಹಿತೆ ಕಲಂ 380ರಡಿ ಎಫ್‌ಐಆರ್ ದಾಖಲಾಯಿತು. ಗುನ್ನೆ ನಂಬರ್ 131/2008.

ಪಂಚನಾಮೆಗೆ ಇಬ್ಬರು ಪಂಚರು, ಎಂದರೆ ಸಾಕ್ಷಿಗಳು, ಬೇಕು. ಸ್ಥಳದ ಮರ್ಯಾದಸ್ಥರಿಬ್ಬರನ್ನು ಕರೆಯಿರಿ ಎನ್ನುತ್ತದೆ ಕಾನೂನು. ಪೊಲೀಸರು ಓಣಿಗೆ ಬಂದರೆ ಗುಬ್ಬಿಹಾಳದ ಮರ್ಯಾದಸ್ಥರಿಗೆಲ್ಲ ಹೊಲದ ಕೆಲಸ ನೆನಪಾಗುತ್ತದೆ. ಯಾಕೆ ಆಗಬಾರದು? ಒಮ್ಮೆ ಸಹಿ ಮಾಡಿದವನನ್ನು ಆರು ವರ್ಷ ಕೋರ್ಟಿನ ಮೆಟ್ಟಿಲ ಮೇಲೆ ಕೂರಿಸಿ, ಆಮೇಲೆ ಮುಂದಿನ ತಾರೀಖು ಕೊಟ್ಟು ಕಳಿಸುತ್ತಾರೆ. ಹಾಗಾಗಿ ಠಾಣೆಯವರು ಇಬ್ಬರು ಕಾಯಂ ಪಂಚರನ್ನು ಇಟ್ಟುಕೊಂಡಿದ್ದರು. ಒಬ್ಬ, ಠಾಣೆಯ ಎದುರು ಚಹಾದ ಹೋಟೆಲ್ ಇಟ್ಟಿದ್ದ ಶ್ರೀಶೈಲಪ್ಪ. ಇನ್ನೊಬ್ಬ, ಹೋಟೆಲ್ ಪಕ್ಕದ ಎಲೆಕ್ಟ್ರಿಶಿಯನ್ ಸಂಗಮೇಶ. ಈ ಸರಹದ್ದಿನಲ್ಲಿ ಯಾರು ಸತ್ತರೂ, ಏನು ಸುಟ್ಟರೂ, ಯಾವುದು ಕಳುವಾದರೂ ಕೆಳಗೆ ಇವರಿಬ್ಬರದೇ ಸಹಿ. ಸಂಗಮೇಶನಂತೂ ಕರೆಯುವ ಮೊದಲೇ ಕಿಸೆಗೆ ಪೆನ್ನು ಸಿಕ್ಕಿಸಿಕೊಂಡು ಬರುತ್ತಿದ್ದ.

ಅಫ್ತಾಬನ ಗೋಡೌನಿನಲ್ಲಿ ಮೀರಾಸಾಬ ಬರೆಯುತ್ತಿದ್ದಾಗ ಶ್ರೀಶೈಲಪ್ಪ ಕಾಲೆಳೆದ.

"ಏನಪಾ ಸಂಗ್ಯಾ, ಮಹಾನವಮಿ ಹದಿನೈದು ದಿನ ಉಳೀತು. ಈ ಸಲನಾರ ನಿಮ್ಮನಿ ಘಟದ ಸಸಿ ಏಳತಾವೋ, ಇಲ್ಲಾ ಹೆಂಡ್ತಿ ತವರಿಗೆ, ಮಸೂತಿ ಬಸ್ ಹತ್ತತಾಳೋ?"

"ಕೆಲಸ ನೋಡ್ಕೋ ಕಾಕಾ."

"ನಿಮ್ಮವ್ವ ಓಣಿ ತುಂಬ ಹೇಳ್ಯಾಳಲ್ಲೋ! ಸಸಿ ಎದ್ರ ಸೊಸಿ, ಇಲ್ಲಂದ್ರ ದಸರೆ ಮರುದಿನ ಗಂಟುಮೂಟಿ ಅಂತ."

ಸಂಗಮೇಶ ಕಿಸೆಯ ಪೆನ್ನು ತೆಗೆದ. ಸಹಿ ಮಾಡಿದ.

ಊರಿಗೆಲ್ಲ ಗೊತ್ತಿದ್ದ ಸುದ್ದಿ ಇದು. ಮಹಾನವಮಿಯ ಮೊದಲ ದಿನ ದೇವರ ಮನೆಯಲ್ಲಿ ಪತ್ರಾವಳಿಯ ಮೇಲೆ ಮಣ್ಣು ಹರವಿ, ಗೋಧಿ, ಜೋಳ, ಕಡಲೆ ಬಿತ್ತಿ, ನಡುವೆ ನೀರಿನ ಕೊಡ ಇಡುತ್ತಾರೆ. ಅದು ಘಟ. ಒಂಬತ್ತು ದಿನಕ್ಕೆ ಸಸಿ ಎಷ್ಟು ಎತ್ತರ ಬರುತ್ತದೋ ಮನೆಗೆ ಅಷ್ಟು ಒಳ್ಳೆಯದು. ಸಂಗಮೇಶನ ತಾಯಿ ದುರ್ಗವ್ವನ ಮನೆಯ ಸಸಿ ಒಂದು ಕಾಲದಲ್ಲಿ ಮೊಳದುದ್ದ ಬರುತ್ತಿತ್ತಂತೆ. ಎರಡು ವರ್ಷದ ಹಿಂದೆ ಸೊಸೆ ವಿಜಯಲಕ್ಷ್ಮಿ ಬಸವನ ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನಿಂದ ಬಂದಳು. ಅವಳು ಬಿತ್ತಿದ ಘಟ ಎರಡು ವರ್ಷವೂ ಬೆರಳುದ್ದ ಎದ್ದು ನಿಂತುಬಿಟ್ಟಿತು. ಅಲ್ಲಿಗೆ ಅವಳ ಕಾಲ್ಗುಣ ಸರಿಯಿಲ್ಲ ಎಂದು ಓಣಿಯ ಹೆಂಗಸರೆಲ್ಲ ಕೂತು ತೀರ್ಪು ಕೊಟ್ಟರು. ಹೆಣ್ಣುಮಗಳು ದಿನಾ ನಸುಕಿನಲ್ಲಿ ಎದ್ದು ಇಡೀ ಮನೆಗೆ ರೊಟ್ಟಿ ಬಡಿದದ್ದು ಯಾರ ಅಳತೆಗೂ ಬರಲಿಲ್ಲ. ಹುಲ್ಲಿನ ಉದ್ದ ಬಂತು.

ಸೆಪ್ಟೆಂಬರ್ 20, ಶನಿವಾರ. ಮೋರಟಗಿ ರಸ್ತೆಯ ಬದಿ ನಿಲ್ಲಿಸಿದ್ದ ಲಾರಿಯ ಹಿಂದಿನ ಎರಡು ಕೆಂಪು ಎಲ್‌ಇಡಿ ದೀಪಗಳು ಮಾಯವಾದವು. ಡ್ರೈವರ್ ಊಟ ಮಾಡಿ ಬರುವುದರೊಳಗೆ ಕೆಲಸ ಮುಗಿದಿತ್ತು. ಮೀರಾಸಾಬ ಬಗ್ಗಿ ನೋಡಿದರು. ಕತ್ತರಿಸಿದ ವಯರಿನ ತುದಿಗಳಿಗೆಲ್ಲ ಕರಿ ಟೇಪು ಅಚ್ಚುಕಟ್ಟಾಗಿ ಸುತ್ತಿತ್ತು.

"ಸಾಹೇಬ್ರ, ಕಳ್ಳ ಟೇಪ್ ಸುತ್ತಿ ಹೋಗ್ಯಾನ್ರಿ."

"ಯಾಕ?"

ಹಿಂದೆ ನಿಂತಿದ್ದ ಪಂಚ ಸಂಗಮೇಶ ತಡೆಯಲಾರದೆ ಹೇಳಿದ: "ಬಿಟ್ಟು ಹೋದ್ರ ಶಾರ್ಟ್ ಆಗತೈತಲ್ರಿ. ಲಾರಿನ ಸುಟ್ಟು ಹೋಕ್ಕೈತಿ."

"ಕರೆಕ್ಟ್," ಎಂದರು ಸಂಜೀವಕುಮಾರ. "ಬರ್ಕೋರಿ ಮೀರಾಸಾಬ. ಕಳ್ಳ ಎಲೆಕ್ಟ್ರಿಕ್ ಕೆಲಸ ಬಲ್ಲವ. ಸಂಗಮೇಶ, ಹಿಂಗ ಏನರ ಹೊಳದ್ರ ಹೇಳಾಕತ್ತಿರು."

"ಹೂಂನ್ರಿ," ಎಂದ ಸಂಗಮೇಶ.

ಸೆಪ್ಟೆಂಬರ್ 25, ಗುರುವಾರ ಮಧ್ಯಾಹ್ನ ಠಾಣೆಗೆ ನೇರವಾಗಿ ಕಪಾಳಕ್ಕೆ ಬಿತ್ತು. ಠಾಣೆಯ ಜೀಪಿನ ತಲೆಯ ಮೇಲಿದ್ದ ಕೆಂಪು-ನೀಲಿ ಎಲ್‌ಇಡಿ ದೀಪ ಹೋಯಿತು. ಬಿಜಾಪುರದಿಂದ ಬಂದು ತಿಂಗಳೂ ಆಗಿರಲಿಲ್ಲ. ಜೀಪಿನ ಎಂಜಿನ್ ದಿನ ಬಿಟ್ಟು ದಿನ ಚಾಲೂ ಆಗುತ್ತಿತ್ತು, ದೀಪ ಮಾತ್ರ ಹೊಚ್ಚ ಹೊಸದು. ಅಕ್ಟೋಬರ್ 8ರ ಆಯುಧ ಪೂಜೆಗೆ ಎಸ್‌ಪಿ ಸಾಹೇಬರು ಬಂದು ಅದನ್ನು ನೋಡುವವರಿದ್ದರು.

ಸಂಜೀವಕುಮಾರ ಜೀಪನ್ನು ಎರಡು ಸುತ್ತು ಹಾಕಿದರು. ನಾಲ್ಕು ಬೋಲ್ಟಿನ ತೂತು, ಟೇಪು ಸುತ್ತಿದ ಎರಡು ವಯರು.

"ಯಾವಾಗ ಹೋತು?"

"ಒಂದು ನಲ್ವತ್ತಕ್ಕ ಇತ್ರಿ. ಎರಡೂ ಕಾಲಿಗೆ ಇಲ್ರಿ," ಎಂದರು ಮೀರಾಸಾಬ.

"ನಡುವ ಠಾಣೆಗೆ ಯಾರ್ ಬಂದಿದ್ರು?"

"ಹೊರಗಿನವ್ರು ಯಾರೂ ಬಂದಿಲ್ರಿ."

"ಒಬ್ರೂ?"

"ಒಬ್ರೂ ಇಲ್ರಿ. ಸಂಗಮೇಶ ಒಬ್ಬ ಬಂದಿದ್ದ, ಲಾರಿ ಪಂಚನಾಮೆದ ಎರಡನೇ ಪ್ರತಿಗೆ ಸಹಿ ಮಾಡಾಕ."

"ಅವ ಹೊರಗಿನವ ಅಲ್ಲ ಬಿಡ್ರಿ."

"ಅದಕ್ಕ ಹೇಳ್ಲಿಲ್ರಿ."

ಈಗ ಫಿರ್ಯಾದಿ ಯಾರು? ಸಂಜೀವಕುಮಾರ ತಮ್ಮ ಹೆಸರಿನಲ್ಲಿ ದೂರು ಬರೆದು, ತಮಗೇ ಕೊಟ್ಟುಕೊಂಡು, ತಾವೇ ಸ್ವೀಕರಿಸಿ, 'ಕೂಡಲೇ ಕ್ರಮ ಕೈಗೊಳ್ಳಲಾಗುವುದು' ಎಂದು ತಮಗೇ ಭರವಸೆ ಕೊಟ್ಟರು. ಗುನ್ನೆ ನಂಬರ್ 138/2008. ಸ್ಥಳ ಪಂಚನಾಮೆಗೆ ಎದುರಿನಿಂದ ಇಬ್ಬರು ಬಂದು ಸಹಿ ಹಾಕಿದರು.

ಅಂದು ಸಂಜೆ ಸಂಜೀವಕುಮಾರ ಕಪಾಟಿನಿಂದ ಒಂದು ಹಳೆಯ ಫೈಲು ತೆಗೆದರು. ಹಿಂದಿನ ವರ್ಷ ಬೆಳಗಾವಿಯಲ್ಲಿ ಆದ ತರಬೇತಿಯಲ್ಲಿ ಕೊಟ್ಟ ಹಾಳೆಗಳು. ಅದರಲ್ಲೊಂದು ಫೋಟೊ: ಮನೆಯೊಳಗೆ ಕಪಾಟಿನಷ್ಟು ಸಣ್ಣ ಡೇರೆ, ಮೇಲೆ ಕೆಂಪು-ನೀಲಿ ದೀಪ, ಕೆಳಗೆ ಕುಂಡದಲ್ಲಿ ಗಾಂಜಾ. ಸಾಹೇಬರು ಆ ಹಾಳೆಯನ್ನು ಬೇರೆ ತೆಗೆದಿಟ್ಟರು. ಮುದ್ದೇಬಿಹಾಳದ ಮನುಷ್ಯ ಅವರು. ಏಳು ವರ್ಷದ ನೌಕರಿಯಲ್ಲಿ ಇಸ್ಪೀಟು ಹಿಡಿದದ್ದು ಬಿಟ್ಟರೆ ಪೇಪರಿನಲ್ಲಿ ಹೆಸರು ಬಂದಿರಲಿಲ್ಲ.

ಅಫ್ತಾಬನನ್ನು ಕರೆಸಿದರು. ದೀಪದ ವಿಷಯದಲ್ಲಿ ಊರಿಗೆ ಅವನೇ ಪಂಡಿತ.

"ಇಲ್ಲಿ ಬರದಾರ ನೋಡು. ಗಿಡಕ್ಕ ಎಲ್ಲಾ ಬೆಳಕು ಬ್ಯಾಡ. ಕೆಂಪು, ನೀಲಿ ಎರಡ ಸಾಕು. ಬರೇ ಕೆಂಪು ಕೊಟ್ರ ಉದ್ದಾಗಿ ಬೀಳತೈತಿ. ಬರೇ ನೀಲಿ ಕೊಟ್ರ ಗಿಡ್ಡ ಆಗತೈತಿ. ಕೆಂಪು ನಾಕು ಪಾಲು, ನೀಲಿ ಒಂದು ಪಾಲು."

"ಹಂಗಾದ್ರ ನನ್ನ ಸರದಾಗ ಅದಕ್ಕ ಹಳದಿ, ಹಸರು ಬಿಟ್ಟಾನ್ರಿ!" ಅಫ್ತಾಬನಿಗೆ ಕಳ್ಳನ ಮೇಲೆ ಸ್ವಲ್ಪ ಗೌರವ ಬಂತು. "ಆದ್ರ ಅವನ ಹಣೇಬಾರ ನೆಟ್ಟಗಿಲ್ರಿ. ಸರದಾಗಿನ ಎಲ್‌ಇಡಿ ಸಾಸಿವಿ ಕಾಳು ಇದ್ದಂಗ. ನೋಡಾಕ ಚಂದ. ನೂರು ಕೂಡ್ಸಿದ್ರೂ ಒಂದು ಟಾರ್ಚಿನಷ್ಟು ಬೆಳಕಿಲ್ಲ."

"ಅದಕ್ಕ ಲಾರಿ ದೀಪ ತಗದ."

"ಹೂಂ. ಅದು ಜೋರೈತಿ, ಖರೆ ಬರೇ ಕೆಂಪು. ನೀಲಿ ಕಡಿಮಿ ಬಿತ್ತು. ಅವಗ ಎರಡೂ ಬಣ್ಣ ಬೇಕು, ಜೋರಿರಬೇಕು, ಡೇರೆದಾಗ ಗೇಣು ಎತ್ತರದಾಗ ತೂಗು ಬಿಟ್ರೂ ಎಲಿ ಸುಡಬಾರ್ದು. ದಿನಾ ಆರು ತಾಸು ಕರೆಂಟ್ ತಗೀತಾರ, ಅಂದಮ್ಯಾಲ ಬ್ಯಾಟರಿ ಮ್ಯಾಲ ನಡೀಬೇಕು, ಹನ್ನೆರಡು ವೋಲ್ಟು. ಇಂಥಾ ದೀಪ ಈ ಊರಾಗ ಒಂದ ಐತ್ರಿ."

"ಎಲ್ಲಿ?" ಸಂಜೀವಕುಮಾರ ಕುರ್ಚಿಯಿಂದ ಎದ್ದರು.

"ನಿಮ್ಮ ಜೀಪಿನ ಮ್ಯಾಲ. ಅಂದ್ರ, ಇತ್ತು."

ಸಾಹೇಬರು ಮತ್ತೆ ಕೂತರು. ಕಳ್ಳ ಒಂದೊಂದು ಕಳುವಿಗೂ ಕಲಿಯುತ್ತಿದ್ದ. ಪೊಲೀಸರು ಒಂದೊಂದು ಪಂಚನಾಮೆಗೂ ಹಿಂದೆ ಬೀಳುತ್ತಿದ್ದರು.

ಸೆಪ್ಟೆಂಬರ್ 27ರಂದು ಗುಬ್ಬಿಹಾಳದ, ಕನ್ನೊಳ್ಳಿಯ, ಮೋರಟಗಿಯ ಎಲೆಕ್ಟ್ರಿಶಿಯನ್ನರನ್ನೆಲ್ಲ ಠಾಣೆಗೆ ತಂದು ಕೂರಿಸಿದರು. ಒಟ್ಟು ಏಳು ಜನ. ಎಂಟನೆಯವನು ಸಂಗಮೇಶ, ಪಂಚನಾದ್ದರಿಂದ ಸಾಹೇಬರ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ.

ಕನ್ನೊಳ್ಳಿಯ ಮುದುಕ ನಿಜಾಮುದ್ದೀನ ಮೊದಲು ಬಂದ.

"ವಯರಿಗೆ ಟೇಪ್ ಸುತ್ತತೀ?"

"ಸುತ್ತತೇನ್ರಿ."

"ಯಾಕ ಸುತ್ತತೀ?"

"ಸುತ್ತದಿದ್ರ ನೀವ ಬಂದು ಒದೀತೀರಲ್ರಿ, ಮಂದಿ ಸತ್ರು ಅಂತ."

"ಮೂರು ಕಳುವಿನ್ಯಾಗೂ ಟೇಪ್ ಸುತ್ಯಾನ ಕಳ್ಳ."

"ಹಂಗಂದ್ರ ಒಳ್ಳೆ ಮನಷ್ಯಾ ಇದ್ದಾನ ಬಿಡ್ರಿ. ನನ್ನ ಕೈಯಾಗ ಕೆಲಸ ಕಲ್ತವ್ರ ಅಷ್ಟು ನೆಟ್ಟಗ ಸುತ್ತತಾರ. ಇಲ್ಲಿ ಕುಂತಾನಲ್ರಿ ಸಂಗ್ಯಾ, ಇವಗೂ ನಾನ ಕಲಿಸಿದ್ದು."

"ಪಂಚನ ಸುದ್ದಿ ಬ್ಯಾಡ. ನಿನ್ನದು ಹೇಳು," ಎಂದು ಸಾಹೇಬರು ಮೇಜು ಕುಟ್ಟಿದರು.

ಸತ್ಯ ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿತ್ತು. ಠಾಣೆಯಲ್ಲಿ ಕುರ್ಚಿ ಸಿಕ್ಕವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ನಿಂತವನನ್ನು ಮಾತ್ರ ಕೇಳುತ್ತಾರೆ. ಏಳೂ ಜನರನ್ನು ಸಂಜೆ 6ಕ್ಕೆ ಬಿಟ್ಟರು.

ಸೆಪ್ಟೆಂಬರ್ 30, ಮಂಗಳವಾರ ಘಟ ಹಾಕಿದರು. ಊರೆಲ್ಲ ಹಬ್ಬ, ಠಾಣೆಯಲ್ಲಿ ಸೂತಕ. ಬೋಳು ಜೀಪು ಅಂಗಳದಲ್ಲಿ ನಿಂತಿತ್ತು. ಎಸ್‌ಪಿ ಬರಲು ಎಂಟು ದಿನ.

ಅಕ್ಟೋಬರ್ 3, ಶುಕ್ರವಾರ ಸಂಜೆ 7ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಭಾಗ್ಯಜ್ಯೋತಿ ಡ್ಯೂಟಿ ಮುಗಿಸಿ ಸೀರೆ ಉಟ್ಟು ಅರಿಶಿನ ಕುಂಕುಮಕ್ಕೆಂದು ದುರ್ಗವ್ವನ ಓಣಿಗೆ ಹೋದಳು. ಕರೆಂಟ್ ಹೋಗಿತ್ತು. ಓಣಿಯೆಲ್ಲ ಕತ್ತಲೆ, ಆದರೆ ದುರ್ಗವ್ವನ ದೇವರ ಮನೆಯ ಕಿಟಕಿ ನೇರಳೆ ಹಣ್ಣಿನ ಬಣ್ಣದಲ್ಲಿ ಉರಿಯುತ್ತಿತ್ತು. ಬಾಗಿಲಲ್ಲಿ ಹದಿನೈದಿಪ್ಪತ್ತು ಹೆಂಗಸರು ಕೈ ಮುಗಿದು ನಿಂತಿದ್ದರು. ಯಾರೋ ಕಾಯಿ ಒಡೆದರು.

"ದೇವಿ ಪ್ರಕಾಶ ಆಗೇತೆವಾ," ಎಂದಳು ದುರ್ಗವ್ವ. "ಕರೆಂಟ್ ಇಲ್ಲಂದ್ರೂ ಉರಿತೈತಿ. ನನ್ನ ಮಗಾ ಮಂಟಪ ಕಟ್ಟ್ಯಾನ. ಒಂಬತ್ತು ದಿನ ಯಾರೂ ತಗದು ನೋಡಬಾರ್ದಂತ."

ಒಳಗೆ ಬಿದಿರುಕಡ್ಡಿ ನಿಲ್ಲಿಸಿ, ಮೂರು ಬದಿ ತಾಡಪಾಲು ಕಟ್ಟಿ, ಮೇಲೆ, ಮುಂದೆ ದುರ್ಗವ್ವನದೇ ಇಳಕಲ್ ಸೀರೆ ಹೊದಿಸಿದ ಸಣ್ಣ ಡೇರೆ. ಮೂಲೆಯಲ್ಲಿ ಕಂಪ್ಯೂಟರಿನ ಪುಟ್ಟ ಫ್ಯಾನು ಗುರ್ ಎನ್ನುತ್ತಿತ್ತು. ಕುಂಕುಮ ಹಚ್ಚಲು ಬಂದ ವಿಜಯಲಕ್ಷ್ಮಿ ಹತ್ತಿರ ಬಗ್ಗಿದಳು. ಬೇರೆ ಯಾರಿಗೂ ಕೇಳದ ಹಾಗೆ ಅವಳು ಹೇಳಿದಳು:

"ಅಕ್ಕಾರ, ನೀರು ಹಾಕುವಾಗ ನಾ ನೋಡೇನ್ರಿ. ಈ ಸಲಾನೂ ಗಿಡ್ಡನ ಅದಾವ."

"ಈ ಲೈಟ್ ಎಲ್ಲಿಂದ ಬಂತು?"

"ಬಿಜಾಪುರದಿಂದ ತಂದೇನಿ ಅಂದ್ರು."

ಭಾಗ್ಯಜ್ಯೋತಿ ಸೀರೆಯ ಸಂದಿನಿಂದ ಇಣುಕಿದಳು. ದೀಪ ತಲೆಕೆಳಗಾಗಿ ತೂಗಾಡುತ್ತಿತ್ತು. ಅದರ ತಳದಲ್ಲಿ ಬಿಳಿ ಬಣ್ಣದಲ್ಲಿ, ಮೀರಾಸಾಬರ ದುಂಡಗಿನ ಅಕ್ಷರದಲ್ಲಿ, ಬರೆದಿತ್ತು: 'ಗುಬ್ಬಿಹಾಳ ಪೊ. ಠಾಣೆ'. ಬಿಜಾಪುರದಿಂದ ಬಂದದ್ದಂತೂ ಸುಳ್ಳಲ್ಲ.

7.50ಕ್ಕೆ ಅವಳು ಸಾಹೇಬರ ಮುಂದೆ ನಿಂತಿದ್ದಳು.

"ಡೇರೆ ಐತಿ? ಫ್ಯಾನ್ ಐತಿ? ಅಂದ್ರ ಗಾಂಜಾನ!"

"ಘಟದ ಸಸಿ ಇರಬೇಕ್ರಿ ಸರ್."

"ಭಾಗ್ಯಜ್ಯೋತಿ, ಗಾಂಜಾ ಬೆಳೆಯೋ ಮಗಾ ಮ್ಯಾಲ ಸೀರಿ ಹೊಚ್ಚಿ ಘಟ ಅನ್ನಲಾರ್ದ ಗಾಂಜಾ ಅಂತ ಬೋರ್ಡ್ ಹಾಕತಾನೇನು? ಮುಂಜಾನೆ ರೇಡ್. ಯಾರ ಮನಿ ಅಂತ ಯಾರಿಗೂ ಹೇಳಬ್ಯಾಡ. ಮೀರಾಸಾಬಗೂ."

ಅಕ್ಟೋಬರ್ 4, ಶನಿವಾರ ಬೆಳಿಗ್ಗೆ 10.30. ಸಂಜೀವಕುಮಾರ ಟೋಪಿ ಸರಿಮಾಡಿಕೊಂಡು, "ಮೀರಾಸಾಬ, ರೇಡ್ ಐತಿ. ಪಂಚರನ್ನ ಕರೀರಿ," ಎಂದರು. ಮೀರಾಸಾಬ ಎಂದಿನಂತೆ ಎದುರಿಗೆ ನೋಡಿ ಸಿಳ್ಳು ಹೊಡೆದರು. ಎಂದಿನಂತೆ ಇಬ್ಬರೂ ಬಂದರು. ಸಂಗಮೇಶನ ಕಿಸೆಯಲ್ಲಿ ಪೆನ್ನಿತ್ತು.

ಸಾಹೇಬರು ಅವನನ್ನು ನೋಡಿದರು, ಮೀರಾಸಾಬರನ್ನು ನೋಡಿದರು, ಭಾಗ್ಯಜ್ಯೋತಿಯನ್ನು ನೋಡಿದರು. ಅವಳು ಗೋಡೆಯ ಕಡೆ ತಿರುಗಿದಳು.

"ಯಾರ ಮನಿ ರೇಡ್ ರಿ?" ಎಂದ ಸಂಗಮೇಶ.

"ಜೀಪ್ ಹತ್ತು."

ಜೀಪು ಗಿರಣಿ ದಾಟಿ ಎಡಕ್ಕೆ ತಿರುಗಿತು. ಶ್ರೀಶೈಲಪ್ಪ ಹೊರಗೆ ನೋಡುತ್ತ, "ಲೇ ಸಂಗ್ಯಾ, ನಿಮ್ಮ ಓಣಿ ಬಂತಲ್ಲೋ," ಎಂದ. ಇನ್ನೂ ನಾಲ್ಕು ಮನೆ ದಾಟಿತು. "ಲೇ, ನಿಮ್ಮ ಮನಿ ಬಂತಲ್ಲೋ!"

ಸಂಗಮೇಶ ಪೆನ್ನನ್ನು ತೆಗೆದು, ಮುಚ್ಚಳ ಬಿಗಿಮಾಡಿ, ಶ್ರೀಶೈಲಪ್ಪನ ಕೈಗೆ ಕೊಟ್ಟ.

ಪಂಚನಾಮೆ ಶುರುವಾಗುವುದೇ ಕಷ್ಟವಾಯಿತು. ಆರೋಪಿ ತನ್ನದೇ ಮನೆಗೆ ಪಂಚನಾಗಲು ಬರುವುದಿಲ್ಲ. ಓಣಿಯ ಗಂಡಸರೆಲ್ಲ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಟ್ಟಿದ್ದರು. ಕಡೆಗೆ ಗಿರಣಿಯ ಸೋಮನಿಂಗನನ್ನು ಹಿಟ್ಟು ಮೆತ್ತಿದ ಕೈಯಲ್ಲೇ ಎಳೆದು ತಂದರು. ಬೂಟು ಹೊರಗೆ ಬಿಟ್ಟು, ಭಾಗ್ಯಜ್ಯೋತಿ ಮುಂದೆ, ಸಾಹೇಬರು ಹಿಂದೆ ದೇವರ ಮನೆಗೆ ಹೋದರು. 11.10ಕ್ಕೆ ಸೀರೆ ಸರಿಸಿದರು.

ಡೇರೆಯ ಒಳಗೋಡೆಗೆಲ್ಲ ಗುಟ್ಕಾ ಚೀಟಿಯನ್ನು ತಿರುವಿ ಅಂಟಿಸಿದ್ದ. ಬೆಳ್ಳಿಯ ಬದಿ ಒಳಗೆ, ಬೆಳಕು ಎಲ್ಲಿಯೂ ಪೋಲಾಗದ ಹಾಗೆ. ಸ್ಕೂಟರಿನ ಬ್ಯಾಟರಿ. ದೀಪದಿಂದ ಮಣ್ಣಿಗೆ ಸರಿಯಾಗಿ ಗೇಣು. ಕೆಳಗೆ ಪತ್ರಾವಳಿ, ನಡುವೆ ಕೊಡ, ಸುತ್ತ ಸಸಿ. ಕಡು ಹಸಿರು, ದಪ್ಪ, ಗಿಡ್ಡ. ಪರೇಡಿಗೆ ನಿಂತ ಹೊಸ ಪೇದೆಗಳಂತೆ ನೆಟ್ಟಗೆ ನಿಂತಿದ್ದವು.

ಸಂಜೀವಕುಮಾರ ಒಂದು ಎಲೆ ಹರಿದು ಮೂಸಿದರು. ಮೀರಾಸಾಬರೂ ಮೂಸಿದರು.

"ಗೋಧಿರಿ ಸಾಹೇಬ್ರ."

"ಗೊತ್ತಾತು."

ಡೇರೆಯ ಪಕ್ಕ ಒಂದು ನೋಟ್‌ಬುಕ್ ಸಿಕ್ಕಿತು. ಸಂಗಮೇಶ ಎರಡು ವರ್ಷದ ಹಿಂದೆ ಧಾರವಾಡದ ಕೃಷಿ ಮೇಳದಲ್ಲಿ ಮಳಿಗೆಗಳಿಗೆ ವಯರಿಂಗ್ ಮಾಡಲು ಹೋಗಿದ್ದ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬಾಳೆಸಸಿ ಬೆಳೆಸಿ ತೋರಿಸುತ್ತಿದ್ದವರನ್ನು ಕೇಳಿ ಬರೆದುಕೊಂಡಿದ್ದ: 'ಕೆಂಪು 4, ನೀಲಿ 1. ಗೇಣು ಎತ್ತರ. ದಿನಕ್ಕೆ 16 ತಾಸು. ಶೆಕೆ ಹೊರಗೆ ಹೋಗಬೇಕು.' ಕೆಳಗೆ ಅವನದೇ ಪ್ರಯೋಗಗಳು. 'ಸರದ್ದು: ದಮ್ಮಿಲ್ಲ. ಲಾರಿ: ನೀಲಿ ಇಲ್ಲ, ಸಸಿ ಬಾಗಿತು. ಜೀಪು: ಬರೋಬ್ಬರಿ.'

ವಿಚಾರಣೆ ಅಲ್ಲೇ ನಡುಮನೆಯಲ್ಲಿ ನಡೆಯಿತು.

"ಜೀಪಿನ ದೀಪ ನೀನ ತಗದಿ?"

"ಹೌದ್ರಿ."

"ಎಷ್ಟು ಹೊತ್ತಿನ್ಯಾಗ?"

"ಆರು ಮಿನಿಟ್ರಿ. ಒಂದು ಬೋಲ್ಟ್ ತುಕ್ಕು ಹಿಡದಿತ್ತು. ಮಳಿಗಾಲಕ್ಕ ಗ್ರೀಸ್ ಹಚ್ಚಬೇಕ್ರಿ ನೀವು."

"ಇದು ಮಿಣಕ್ ಮಿಣಕ್ ಅಂತಿತ್ತು. ಈಗ ಯಾಕ ಅನ್ನವಲ್ದು?"

"ಫ್ಲಾಶರ್ ಬೈಪಾಸ್ ಮಾಡೀನ್ರಿ. ತಾಸಿಗೆ ಸಾವಿರ ಸಲ ಕಣ್ಣು ಹೊಡದ್ರ ಸಸಿ ಹ್ಯಾಂಗ ಬೆಳೀಬೇಕ್ರಿ?"

"ನಿನಗ ನಾಚಿಕಿ ಇಲ್ಲೇನು? ನೀ ಕದ್ದಿದ್ದಕ್ಕ ನೀನ ಪಂಚ ಆಗಿ ಸಹಿ ಮಾಡಿದಿ!"

"ನೀವ ಕರದ್ರಿ, ಬಂದೆ. ಒಂದಿನಾನೂ ಇಲ್ಲ ಅಂದಿಲ್ರಿ ನಾನು."

ಮೂಲೆಯಲ್ಲಿ ವಿಜಯಲಕ್ಷ್ಮಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಟ್ರಂಕು ಆಗಲೇ ಕಪಾಟಿನ ಮೇಲಿನಿಂದ ಇಳಿದು ಬಾಗಿಲ ಹತ್ತಿರ ಬಂದಿತ್ತು, ಇಳಿಸಿದವಳು ದುರ್ಗವ್ವ. "ಇವಳ ಕಾಲ್ಗುಣಕ್ಕ ಸಸಿನೂ ಹೋದು, ಮಗನೂ ಜೇಲಿಗೆ ಹೊಂಟ," ಎಂದು ಮುದುಕಿ ಎದೆ ಬಡಿದುಕೊಳ್ಳುತ್ತಿದ್ದಳು. ಸಾಹೇಬರು ಪಂಚನಾಮೆಗೆ ಕಣ್ಣು ಕೊಟ್ಟರು, ಮೀರಾಸಾಬ ಕಾಗದಕ್ಕೆ. ಗಂಡಸರಿಗೆ ಇಂಥ ಹೊತ್ತಿನಲ್ಲಿ ಕಾಗದ ಬಹಳ ಉಪಕಾರಿ. ಭಾಗ್ಯಜ್ಯೋತಿ ಮಾತ್ರ ಮುಂದೆ ಬಂದಳು.

"ಆಯಿ, ಒಂದು ಕೇಳತೇನಿ. ಸಸಿ ಮೊಳದುದ್ದ ಬರ್ತಿದ್ದಾಗ ದೇವರ ಮನ್ಯಾಗ ಬೆಳಕು ಯಾವುದಿತ್ತು?"

"ಬೆಳಕೆಲ್ಲಿದು? ಒಂದ ಎಣ್ಣಿ ದೀಪ. ಕಿಟಕಿಗೆ ಗೋಣಿತಟ್ಟು ಕಟ್ಟತಿದ್ವಿ."

"ಮಗನ ಲಗ್ನ ಆದಮ್ಯಾಲ?"

"ಹೊಸಾ ಸೊಸಿ ಬಂದ್ಲಂತ ಇವ ಎರಡು ಟ್ಯೂಬ್‌ಲೈಟ್ ಹಾಕ್ದ. ಒಂಬತ್ತು ದಿನ ಹಗಲಿ ರಾತ್ರಿ ಹಚ್ಚೇ ಬಿಟ್ಟಿದ್ದ. ಜಗಾ ಜಗಾ ಅಂತಿತ್ತು."

"ಸಸಿ ಬೆಳಕು ಹುಡಿಕ್ಕೋಂತ ಉದ್ದ ಆಗೂದು, ಆಯಿ. ಕತ್ತಲಿದ್ರ ಎದ್ದು ಎದ್ದು ನೋಡತೈತಿ. ಕುಂತಲ್ಲೇ ಬೆಳಕು ಸಿಕ್ರ ಯಾಕ ಏಳತೈತಿ? ನಮ್ಮವ್ವ ಘಟದ ಮ್ಯಾಲ ಬುಟ್ಟಿ ಮುಚ್ಚಾಕಿ, ಗೋಣಿತಟ್ಟು ಹೊಚ್ಚತಿದ್ಲು. ಗೇಣುಗೇಣು ಬರ್ತಿದ್ದು, ಅರಿಷಿಣದಂಗ."

ಸಂಗಮೇಶ ಎರಡು ವರ್ಷ ಹೆಂಡತಿಯ ಮೇಲೆ ಬಂದ ಅಪವಾದವನ್ನು ತೊಳೆಯಲು ಊರಿನ ಅತ್ಯಂತ ಜೋರಾದ ದೀಪವನ್ನು ಹುಡುಕಿ ಹುಡುಕಿ ತಂದಿದ್ದ. ಅಪವಾದ ಬಂದದ್ದೇ ಅವನ ದೀಪದಿಂದ.

"ಲೈಟ್ ಜಾಸ್ತಿ ಆತೇನ್ರಿ ಹಂಗಾದ್ರ?" ಎಂದ ಅವನು. ವಿಜಯಲಕ್ಷ್ಮಿ ಮೊದಲು ಅವನನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದು ಮೀರಾಸಾಬ ಬರೆದುಕೊಂಡರು. ಅವಳು ನಗುತ್ತಿದ್ದಳು.

ಮಧ್ಯಾಹ್ನ 12.40ಕ್ಕೆ ಸಂಗಮೇಶನನ್ನು ಬಂಧಿಸಲಾಯಿತು. ದೀಪ, ಬ್ಯಾಟರಿ, ಫ್ಯಾನು, ನೋಟ್‌ಬುಕ್ ಜಪ್ತಿ. ಸಸಿಯನ್ನು ಜಪ್ತಿ ಮಾಡಬೇಕೆ ಎಂದು ಮೀರಾಸಾಬ ಕೇಳಿದಾಗ ಭಾಗ್ಯಜ್ಯೋತಿ ಆಗಲೇ ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿ, ತಟ್ಟು ಹೊದಿಸಿ, "ಐದು ದಿನ ಯಾರೂ ತಗೀಬ್ಯಾಡ್ರಿ," ಎಂದು ಹೇಳಿ ಮುಗಿಸಿದ್ದಳು. ಆರೋಪಿ ಜೀಪು ಹತ್ತುವಾಗ ಡೇರೆಯ ತೆರೆದ ವಯರುಗಳ ಕಡೆ ಕೈ ತೋರಿಸಿ, ಟೇಪು ಸುತ್ತಲು ಎರಡು ನಿಮಿಷ ಕೇಳಿದ. ಕೊಟ್ಟರು.

ಭಾನುವಾರ ಸಿಂದಗಿಯ ನ್ಯಾಯಾಧೀಶರ ಮನೆಯಲ್ಲಿ ಹಾಜರುಪಡಿಸಿದರು. ಸೋಮವಾರ ಜಾಮೀನಾಯಿತು. ಜಾಮೀನು ಕೊಡಲು ಮಸೂತಿಯಿಂದ ಪಹಣಿ ಹಿಡಿದುಕೊಂಡು ಬಂದವನು ವಿಜಯಲಕ್ಷ್ಮಿಯ ಅಪ್ಪ. ಬೀಗತಿಯ ಮುಖವನ್ನು ಮಾತ್ರ ನೋಡಲಿಲ್ಲ.

ದೀಪ ಸಿಕ್ಕಿತು ಎಂದು ಸಂಜೀವಕುಮಾರ ಹಿಗ್ಗುವಂತಿರಲಿಲ್ಲ. ಸಿಕ್ಕ ದೀಪ ಈಗ ಮುದ್ದೆಮಾಲು, ಕೇಸಿನ ಪುರಾವೆ. ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಕೋರ್ಟಿಗೆ ಒಪ್ಪಿಸಿಯಾಗಿತ್ತು. ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕು, ಮಂಗಳವಾರದಿಂದ ಕೋರ್ಟಿಗೆ ದಸರಾ ರಜೆ. ಅಕ್ಟೋಬರ್ 8ರಂದು ಎಸ್‌ಪಿ ಸಾಹೇಬರು ಬಂದಾಗ ಚೆಂಡು ಹೂವು ಮುಡಿದ ಜೀಪಿನ ತಲೆ ಬೋಳಾಗಿಯೇ ಇತ್ತು.

"ದೀಪ ಎಲ್ಲಿ?"

"ಪತ್ತೆ ಆಗಿದೆ ಸರ್."

"ಪತ್ತೆ ಆಗಿದ್ದರೆ ಎಲ್ಲಿ?"

"ಪತ್ತೆ ಆಗಿದ್ದಕ್ಕೇ ಇಲ್ಲ ಸರ್."

ಎಸ್‌ಪಿ ಸಾಹೇಬರು ನಿಂಬೆಹಣ್ಣಿನ ಮೇಲೆ ಹತ್ತಿದ ಗಾಲಿಯನ್ನು ನೋಡಿ, ಪ್ರಸಾದ ತೆಗೆದುಕೊಂಡು ಹೋದರು.

ಮರುದಿನ, ಗುರುವಾರ, ವಿಜಯದಶಮಿಯ ಬೆಳಿಗ್ಗೆ 9ಕ್ಕೆ ದುರ್ಗವ್ವನ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿದ್ದರು. ವಿಜಯಲಕ್ಷ್ಮಿ ಬುಟ್ಟಿ ಎತ್ತಿದಳು. ಸಸಿ ಒಂದೂವರೆ ಗೇಣು ಎದ್ದಿದ್ದವು. ಬುಡದಲ್ಲಿ ಎರಡು ಬೆರಳು ಹಸಿರು, ಅದರ ಮೇಲೆಲ್ಲ ಬಂಗಾರದ ಹಳದಿ. ಠಾಣೆಯ ದೀಪ ಎಲ್ಲಿಯವರೆಗೆ ಇತ್ತು, ಎಲ್ಲಿ ಜಪ್ತಿಯಾಯಿತು ಎಂದು ಗೆರೆ ಕೊರೆದ ಹಾಗೆ ಕಾಣುತ್ತಿತ್ತು.

"ನೋಡ್ರೆವಾ, ನನ್ನ ಸೊಸಿ ಕಾಲ್ಗುಣ!" ಎಂದು ದುರ್ಗವ್ವ ಅವಳ ಗದ್ದ ಹಿಡಿಯಲು ಬಂದಳು.

ವಿಜಯಲಕ್ಷ್ಮಿ ಬುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟಳು. "ಅತ್ತಿ, ಬರೂ ವರ್ಷ ಘಟ ನೀವ ಹಾಕ್ರಿ. ಬುಟ್ಟಿನೂ ನೀವ ಮುಚ್ಚ್ರಿ. ಎದ್ರೂ ನಾ ಈ ಮನಿ ಸೊಸಿ, ಬಿದ್ರೂ ನಾ ಈ ಮನಿ ಸೊಸಿ. ಇನ್ನೊಮ್ಮೆ ನನ್ನ ಟ್ರಂಕ್ ಮುಟ್ಟಬ್ಯಾಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರ್ಗವ್ವ ಬುಟ್ಟಿ ಹಿಡಿದುಕೊಂಡೇ ನಿಂತಿದ್ದಳು.

11 ಗಂಟೆಗೆ ಸಂಗಮೇಶ ಜಾಮೀನಿನ ಷರತ್ತಿನಂತೆ ಹಾಜರಿ ಸಹಿ ಹಾಕಲು ಠಾಣೆಗೆ ಬಂದ. ಎಲ್ಲರಿಗೂ ಬನ್ನಿ ಕೊಟ್ಟ. ಸಂಜೀವಕುಮಾರ ಕೇಸ್ ಡೈರಿಯ ಕೊನೆಯ ಹಾಳೆ ಬರೆಯುತ್ತಿದ್ದರು. ಕೃತ್ಯದ ಉದ್ದೇಶ ಎಂಬ ಜಾಗ ಖಾಲಿಯಿತ್ತು.

"ಒಂದು ಮಾತು ಹೇಳು ಸಂಗಮೇಶ. ಇಷ್ಟೆಲ್ಲಾ ಮಾಡೂ ಬದ್ಲಿ, ಅಕಿನ್ನ ಎಲ್ಲೂ ಕಳಸೂದಿಲ್ಲ ಅಂತ ನಿಮ್ಮವ್ವಗ ಒಂದು ಮಾತು ಹೇಳಿದ್ರ ಮುಗೀತಿತ್ತಲ್ಲೋ?"

ಸಂಗಮೇಶ ನೆಲ ನೋಡಿದ.

"ಅವ್ವಗ ಹ್ಯಾಂಗ ಹೇಳೂದ್ರಿ ಸಾಹೇಬ್ರ? ಅದಕ್ಕಿಂತ ನಿಮ್ಮ ಜೀಪಿನ ದೀಪ ಬಿಚ್ಚೂದ ಸಲೀಸ ಅನಿಸ್ತು."

ಸಂಜೀವಕುಮಾರ ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದರು. ಅವರ ತಾಯಿಯೂ ಮುದ್ದೇಬಿಹಾಳದಲ್ಲಿ ಇನ್ನೂ ಗಟ್ಟಿಯಾಗಿದ್ದರು. ಆಮೇಲೆ ಆ ಖಾಲಿ ಜಾಗದಲ್ಲಿ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ತಾರೀಖು ಹಾಕಿ ಸಹಿ ಮಾಡಿದರು.